ಪ್ರವೇಶಕ್ಕೆ ಮೊದಲೇ ಹಣದ ಮಾತು: ಅಮೆರಿಕದಲ್ಲಿ ಪದವಿ ಓದಲು ಆರ್ಥಿಕ ನೆರವು ಪಡೆಯುವ ಸಮಗ್ರ ಮಾರ್ಗದರ್ಶಿ

ಅಮೆರಿಕದ ಕಾಲೇಜಿನ ಅರ್ಜಿಯಲ್ಲಿ ಒಂದು ಸಣ್ಣ ಪ್ರಶ್ನೆ ಇರುತ್ತದೆ: ‘ನೀವು ಆರ್ಥಿಕ ನೆರವು ಕೋರುತ್ತೀರಾ?’ ಉತ್ತರ ಹೌದು ಅಥವಾ ಇಲ್ಲ, ಅಷ್ಟೇ. ನೆರವು ಬೇಡ ಎಂದರೆ ಸೀಟು ಬೇಗ ಸಿಗುತ್ತದೆ, ಒಳಗೆ ಹೋದ ಮೇಲೆ ಕೇಳಿಕೊಂಡರಾಯಿತು ಎಂದು ಯಾರೋ ಹೇಳಿದ್ದನ್ನು ನಂಬಿ ಹುಡುಗನೊಬ್ಬ ‘ಇಲ್ಲ’ ಎಂದು ಗುರುತು ಹಾಕಿದ್ದ. ಸೀಟು ಬಂತು. ಏಪ್ರಿಲ್‌ನಲ್ಲಿ ಪ್ರವೇಶಪತ್ರ ಹಿಡಿದು ಅವನೂ ಅವನ ತಂದೆಯೂ ನನ್ನ ಬಳಿ ಬಂದಾಗ ಹೇಳಲು ನನ್ನಲ್ಲಿ ಒಳ್ಳೆಯ ಸುದ್ದಿ ಇರಲಿಲ್ಲ. ಪ್ರವೇಶದ ಸಮಯದಲ್ಲಿ ನೆರವು ಕೇಳದ ವಿದೇಶಿ ವಿದ್ಯಾರ್ಥಿಗೆ ಮುಂದಿನ ನಾಲ್ಕು ವರ್ಷವೂ ನೆರವಿಲ್ಲ ಎಂಬುದು ಆ ಕಾಲೇಜಿನ ನಿಯಮವಾಗಿತ್ತು. ಇದೇ ನಿಯಮ ಬಹಳಷ್ಟು ಕಾಲೇಜುಗಳಲ್ಲಿದೆ, ಅವುಗಳ ಜಾಲತಾಣದಲ್ಲಿ ಬರೆದೇ ಇರುತ್ತದೆ.

ನಮ್ಮಲ್ಲಿ ಮೊದಲು ಸೀಟು, ಆಮೇಲೆ ಸಾಲ, ವಿದ್ಯಾರ್ಥಿವೇತನ ಎಂಬ ಕ್ರಮ ರೂಢಿಯಾಗಿದೆ. ಅಮೆರಿಕಕ್ಕೆ ಹೋಗುವ ವಿದೇಶಿ ವಿದ್ಯಾರ್ಥಿಯ ಮಟ್ಟಿಗೆ ಈ ಕ್ರಮ ತಲೆಕೆಳಗು. ಅಲ್ಲಿ ಸೀಟಿನ ಅರ್ಜಿ ಮತ್ತು ಹಣದ ಅರ್ಜಿ ಒಂದೇ ಜೋಡಿ ಎತ್ತುಗಳು; ಒಂದನ್ನು ಬಿಟ್ಟು ಇನ್ನೊಂದನ್ನು ಹೂಡಿದರೆ ಗಾಡಿ ಸಾಗುವುದಿಲ್ಲ. ಈ ಬರಹ ದ್ವಿತೀಯ ಪಿಯುಸಿಯ ನಂತರ ಪದವಿಗೆ ಹೋಗಲು ಬಯಸುವವರಿಗಾಗಿ. ಸ್ನಾತಕೋತ್ತರ ವ್ಯಾಸಂಗದ ದಾರಿ ಬೇರೆ, ಪಿಎಚ್‌ಡಿಯ ದಾರಿ ಇನ್ನೂ ಬೇರೆ.

ಹೆಜ್ಜೆ 1: ಹಣ ಯಾರದು ಎಂದು ತಿಳಿಯಿರಿ

ಅಮೆರಿಕದ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆ ಕೊಡುವ ಪೆಲ್ ಗ್ರಾಂಟ್, ಸರ್ಕಾರಿ ಸಾಲ, ಅದಕ್ಕೆ ತುಂಬುವ ಫಾಫ್ಸಾ ಅರ್ಜಿ, ಇವೆಲ್ಲ ಅಲ್ಲಿನ ನಾಗರಿಕರಿಗೆ, ಕಾಯಂ ನಿವಾಸಿಗಳಿಗೆ ಮತ್ತು ಇನ್ನು ಕೆಲವು ನಿರ್ದಿಷ್ಟ ವರ್ಗದವರಿಗೆ ಮೀಸಲು. ಎಫ್-1 ಎಂಬ ವಿದ್ಯಾರ್ಥಿ ವೀಸಾದ ಮೇಲೆ ಹೋಗುವವರಿಗೆ ಅದರಲ್ಲಿ ಪಾಲಿಲ್ಲ. ಅಂತರ್ಜಾಲದಲ್ಲಿ ಸಿಗುವ ಮಾಹಿತಿಯ ಬಹುಪಾಲು ಈ ಸರ್ಕಾರಿ ನೆರವಿನದೇ ಆಗಿರುವುದರಿಂದ ನಮ್ಮ ಮಕ್ಕಳು ತಿಂಗಳುಗಟ್ಟಲೆ ಸಲ್ಲದ ಜಾಗದಲ್ಲಿ ಹುಡುಕುತ್ತಾರೆ.

ವಿದೇಶಿ ವಿದ್ಯಾರ್ಥಿಗೆ ದೊಡ್ಡ ಮೊತ್ತ ಕೊಡುವುದು ಕಾಲೇಜು. ದಾನಿಗಳು, ಹಳೆಯ ವಿದ್ಯಾರ್ಥಿಗಳು ಕಟ್ಟಿಕೊಟ್ಟ ದತ್ತಿನಿಧಿಯಿಂದ, ತನ್ನದೇ ಬೊಕ್ಕಸದಿಂದ ಅದು ಕೊಡುತ್ತದೆ. ಹಾಗಾಗಿ ನೀವು ಹುಡುಕಬೇಕಾದದ್ದು ಬಿಡಿ ವಿದ್ಯಾರ್ಥಿವೇತನಗಳನ್ನಲ್ಲ, ವಿದೇಶಿಯರಿಗೂ ಕೈಬಿಚ್ಚುವ ಕಾಲೇಜುಗಳನ್ನು. ಸರ್ಕಾರಿ ವಿಶ್ವವಿದ್ಯಾಲಯಗಳು ಅಗ್ಗವೆಂಬ ನಮ್ಮ ಊರಿನ ಲೆಕ್ಕವೂ ಅಲ್ಲಿ ನಡೆಯುವುದಿಲ್ಲ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಹೊರಗಿನವರಿಂದ ಹೆಚ್ಚುವರಿ ಶುಲ್ಕ ಪಡೆಯುತ್ತದೆ, ವಿದೇಶಿ ಪದವಿ ವಿದ್ಯಾರ್ಥಿಗಳಿಗೆ ಬಡತನದ ಆಧಾರದಲ್ಲಿ ನೆರವು ಕೊಡುವುದಿಲ್ಲ. ಕಾಗದದ ಮೇಲೆ ಅದಕ್ಕಿಂತ ದುಬಾರಿಯಾಗಿ ಕಾಣುವ ಚಿಕ್ಕ ಖಾಸಗಿ ಕಾಲೇಜೇ ಕೊನೆಗೆ ಅಗ್ಗವಾಗಬಹುದು.

ಹೆಜ್ಜೆ 2: ಮನೆಯಲ್ಲಿ ಕುಳಿತು ಒಂದು ಅಂಕಿ ಬರೆಯಿರಿ

ವರ್ಷಕ್ಕೆ ನಮ್ಮ ಮನೆಯಿಂದ ಎಷ್ಟು ಕೊಡಬಲ್ಲೆವು? ಕಾಲೇಜುಗಳ ಹೆಸರು ನೋಡುವ ಮೊದಲೇ ತಂದೆ, ತಾಯಿ, ಮಗಳು ಅಥವಾ ಮಗ ಒಟ್ಟಿಗೆ ಕುಳಿತು ಈ ಅಂಕಿಯನ್ನು ನಿರ್ಧರಿಸಬೇಕು. ತಂಗಿಯ ಓದು, ಅಜ್ಜಿಯ ಔಷಧಿ, ಮನೆ ಸಾಲ ಎಲ್ಲವೂ ಕಳೆದ ಮೇಲಿನ ಅಂಕಿ. ಈ ಮಾತು ಎಷ್ಟೋ ಮನೆಗಳಲ್ಲಿ ಆಡುವುದೇ ಇಲ್ಲ. ಮಕ್ಕಳಿಗೆ ಮನೆಯ ಆದಾಯ ಗೊತ್ತಿರುವುದಿಲ್ಲ, ದೊಡ್ಡವರಿಗೆ ಹೇಳಲು ಸಂಕೋಚ. ಆ ಸಂಕೋಚವನ್ನು ಮುರಿಯದೆ ಮುಂದಿನ ಯಾವ ಹೆಜ್ಜೆಯೂ ಗಟ್ಟಿಯಾಗುವುದಿಲ್ಲ.

ಅನೇಕ ಖಾಸಗಿ ಕಾಲೇಜುಗಳಲ್ಲಿ ಬೋಧನಾ ಶುಲ್ಕ, ವಸತಿ, ಊಟ, ಪುಸ್ತಕ, ವಿಮೆ ಸೇರಿ ವರ್ಷದ ಒಟ್ಟು ವೆಚ್ಚ 90,000 ಡಾಲರ್ ಆಸುಪಾಸು ತಲುಪಿದೆ. ಡಾಲರಿಗೆ 90 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 81 ಲಕ್ಷ. ನಿಮ್ಮ ಕುಟುಂಬ 6,000 ಡಾಲರ್ ಕೊಡಬಲ್ಲದು ಎಂದು ಕಾಲೇಜು ಒಪ್ಪಿದರೆ ಉಳಿದ 84,000 ಡಾಲರ್ ನಿಮ್ಮ ‘ಅಗತ್ಯ’. ಎಷ್ಟು ಕೊಡಬಲ್ಲಿರಿ ಎಂಬುದನ್ನು ಕೊನೆಗೆ ತೀರ್ಮಾನಿಸುವುದು ನೀವಲ್ಲ, ನಿಮ್ಮ ದಾಖಲೆ ನೋಡಿದ ಕಾಲೇಜು. ಆದರೂ ನಿಮ್ಮ ಅಂಕಿ ನಿಮ್ಮ ಕೈಯಲ್ಲಿದ್ದರೆ ಮಾತ್ರ ಅವರ ಅಂಕಿ ನ್ಯಾಯವೋ ಅಲ್ಲವೋ ಎಂದು ಅಳೆಯಬಹುದು.

ಹೆಜ್ಜೆ 3: ಪಟ್ಟಿಯನ್ನು ಹಣದ ಕಡೆಯಿಂದ ಕಟ್ಟಿ

ಇಡೀ ಪ್ರಯತ್ನದಲ್ಲಿ ಅತಿ ಹೆಚ್ಚು ಸಮಯ ಬೇಡುವ ಕೆಲಸ ಇದು. ಕಾಲೇಜುಗಳನ್ನು ಮೂರು ಗುಂಪು ಮಾಡಿಕೊಳ್ಳಿ.

ಮೊದಲನೆಯದು ‘ನೀಡ್-ಬ್ಲೈಂಡ್’ ಕಾಲೇಜುಗಳು. ಸೀಟು ಕೊಡುವಾಗ ಅರ್ಜಿದಾರರ ಹಣಕಾಸನ್ನು ನೋಡುವುದಿಲ್ಲ, ಆಯ್ಕೆಯಾದವರ ಪೂರ್ಣ ಅಗತ್ಯವನ್ನು ತುಂಬುತ್ತವೆ. ಅಮೆರಿಕದವರಿಗೆ ಹೀಗೆ ಮಾಡುವ ಕಾಲೇಜುಗಳು ಹಲವು, ವಿದೇಶಿಯರಿಗೂ ಮಾಡುವವು ಬೆರಳೆಣಿಕೆಯಷ್ಟು: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಹಿಂದಿನಿಂದಲೂ ಇವೆ, 2022ರಲ್ಲಿ ಡಾರ್ಟ್‌ಮತ್ ಮತ್ತು ಬೌಡನ್ ಸೇರಿದವು, ಬಳಿಕ ಬ್ರೌನ್, ನೋಟರ್ ಡೇಮ್ ಕೂಡ. ಓದುಗರು ಇಲ್ಲಿ ಹಿಗ್ಗುವ ಮೊದಲು ಒಂದು ಮಾತು: ಎಂಐಟಿಯಲ್ಲಿ ನೂರು ವಿದೇಶಿ ಅರ್ಜಿದಾರರಲ್ಲಿ ಸೀಟು ಸಿಗುವುದು ಸುಮಾರು ಇಬ್ಬರಿಗೆ. ಈ ಗುಂಪಿನಿಂದ ಎರಡು ಮೂರು ಹೆಸರು ಸಾಕು.

ಎರಡನೆಯದು ‘ನೀಡ್-ಅವೇರ್’ ಆದರೂ ಪೂರ್ಣ ಅಗತ್ಯ ತುಂಬುವ ಕಾಲೇಜುಗಳು. ವಿದೇಶಿಯರ ನೆರವಿಗೆ ಇಂತಿಷ್ಟೇ ಹಣವೆಂದು ಇವು ತೆಗೆದಿಡುತ್ತವೆ. ಹೆಚ್ಚು ಕೇಳುವವರಿಗೆ ಸೀಟು ಕಷ್ಟ, ಆದರೆ ಸೀಟು ಸಿಕ್ಕರೆ ಹಣವೂ ಜೊತೆಯಲ್ಲೇ ಬರುತ್ತದೆ. ಸ್ಟ್ಯಾನ್‌ಫರ್ಡ್, ಕಾರ್ನೆಲ್, ವಿಲಿಯಮ್ಸ್, ಸ್ವಾರ್ತ್‌ಮೋರ್, ಪೊಮೋನಾ, ವಾಸರ್, ಮಹಿಳಾ ಕಾಲೇಜುಗಳಾದ ಸ್ಮಿತ್ ಮತ್ತು ಮೌಂಟ್ ಹೋಲಿಯೋಕ್ ಇಲ್ಲಿ ಬರುತ್ತವೆ. ಕಾರ್ನೆಲ್‌ನಲ್ಲಿ ಭಾರತದ ವಿದ್ಯಾರ್ಥಿಗಳಿಗೆಂದೇ ಟಾಟಾ ವಿದ್ಯಾರ್ಥಿವೇತನ ಇದೆ. ಸ್ಮಿತ್, ಮೌಂಟ್ ಹೋಲಿಯೋಕ್ ಹೆಸರುಗಳನ್ನು ನಮ್ಮ ಊರಿನಲ್ಲಿ ಯಾರೂ ಕೇಳಿರಲಾರರು. ಹೆಣ್ಣುಮಕ್ಕಳಿರುವ ಮನೆಯವರು ಇವನ್ನು ದಯವಿಟ್ಟು ಗಮನಿಸಿ. ಹೆಸರು ಕೇಳಿಲ್ಲವೆಂಬ ಒಂದೇ ಕಾರಣಕ್ಕೆ ಒಳ್ಳೆಯ ಕಾಲೇಜನ್ನು ತಳ್ಳಿಹಾಕುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮೂರನೆಯದು ಪ್ರತಿಭಾ ವೇತನ ಕೊಡುವ ಕಾಲೇಜುಗಳು. ಇಲ್ಲಿ ಮನೆಯ ಆದಾಯ ಮುಖ್ಯವಲ್ಲ. ಅಂಕ, ಸಾಧನೆ, ಪ್ರಬಂಧ ನೋಡಿ ಒಂದು ಮೊತ್ತ ನಿಗದಿ ಮಾಡುತ್ತಾರೆ. ಪೂರ್ತಿ ವೆಚ್ಚ ಭರಿಸುವ ವೇತನಗಳೂ ಇವೆ, ಆದರೆ ವಿರಳ. ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾಲಯದ ಮೋರ್‌ಹೆಡ್-ಕೇನ್ ವಿದೇಶಿಯರಿಗೂ ತೆರೆದಿರುವ ಅಂಥದ್ದೊಂದು. ಸಾಮಾನ್ಯವಾಗಿ ಸಿಗುವುದು ಶುಲ್ಕದ ಒಂದು ಭಾಗವಷ್ಟೇ. ನಿಮ್ಮ ಮನೆಯಿಂದ ಕೊಡಬಲ್ಲದ್ದು ಆರು ಸಾವಿರ ಡಾಲರ್ ಆಗಿದ್ದು, ವೇತನ ಕಳೆದ ಮೇಲೂ ಮೂವತ್ತು ಸಾವಿರ ಉಳಿಯುವುದಾದರೆ ಆ ಕಾಲೇಜಿಗೆ ಅರ್ಜಿ ಶುಲ್ಕ ಕಟ್ಟುವುದೇ ಬೇಡ.

ಮೂರರಲ್ಲೂ ಸೇರದ, ಆದರೆ ಬಡ ಕುಟುಂಬದ ಮಕ್ಕಳು ತಪ್ಪದೆ ನೋಡಬೇಕಾದದ್ದು ಕೆಂಟಕಿ ರಾಜ್ಯದ ಬೆರಿಯಾ ಕಾಲೇಜು. ಅಲ್ಲಿ ಯಾರಿಗೂ ಬೋಧನಾ ಶುಲ್ಕವಿಲ್ಲ, ಪ್ರತಿಯೊಬ್ಬರೂ ವಾರಕ್ಕೆ ಕನಿಷ್ಠ 10 ಗಂಟೆ ಕಾಲೇಜಿನಲ್ಲೇ ದುಡಿಯುತ್ತಾರೆ. ವಿದೇಶಿಯರಿಗಿರುವ ಸೀಟುಗಳು ಕೆಲವೇ ಕೆಲವು. ಇನ್ನೊಂದು ಸುತ್ತುದಾರಿಯೂ ಇದೆ. ಪುಣೆ ಬಳಿಯ ಯುಡಬ್ಲ್ಯುಸಿ ಮಹೀಂದ್ರ ಕಾಲೇಜಿನಂಥ ಯುನೈಟೆಡ್ ವರ್ಲ್ಡ್ ಕಾಲೇಜುಗಳಲ್ಲಿ ಕೊನೆಯ ಎರಡು ವರ್ಷ ಓದಿದವರಿಗೆ ಅಮೆರಿಕದ ಅನೇಕ ಕಾಲೇಜುಗಳಲ್ಲಿ ಡೇವಿಸ್ ನಿಧಿಯ ನೆರವು ದೊರೆಯುತ್ತದೆ. ಆ ದಾರಿಗೆ ಹತ್ತನೇ ತರಗತಿಯಲ್ಲೇ ಹೊರಡಬೇಕು.

ಈಗ ಪಟ್ಟಿಯನ್ನು ಜರಡಿ ಹಿಡಿಯುವ ಸಾಧನ. ಅಮೆರಿಕದ ಹೆಚ್ಚಿನ ಕಾಲೇಜುಗಳು ಪ್ರತಿವರ್ಷ ‘ಕಾಮನ್ ಡೇಟಾ ಸೆಟ್’ ಎಂಬ ಅಂಕಿ-ಅಂಶದ ಕಡತ ಪ್ರಕಟಿಸುತ್ತವೆ. ಕಾಲೇಜಿನ ಹೆಸರಿನ ಜೊತೆ ಈ ಮೂರು ಪದ ಹಾಕಿ ಹುಡುಕಿದರೆ ಉಚಿತವಾಗಿ ಸಿಗುತ್ತದೆ. ಅದರಲ್ಲಿ ನೇರವಾಗಿ ಎಚ್-6 ವಿಭಾಗಕ್ಕೆ ಹೋಗಿ. ಆ ವರ್ಷ ಎಷ್ಟು ವಿದೇಶಿ ಪದವಿ ವಿದ್ಯಾರ್ಥಿಗಳಿಗೆ ನೆರವು ಕೊಟ್ಟರು, ತಲಾ ಸರಾಸರಿ ಎಷ್ಟು, ಒಟ್ಟು ಎಷ್ಟು ಎಂಬುದು ಅಲ್ಲಿದೆ. ಕಾಲೇಜಿನ ಒಟ್ಟು ವೆಚ್ಚದಿಂದ ಆ ಸರಾಸರಿಯನ್ನು ಕಳೆಯಿರಿ. ಉಳಿದದ್ದು ನಿಮ್ಮ ಮನೆಯ ಅಂಕಿಗೆ ಹತ್ತಿರವಿದ್ದರೆ ಪಟ್ಟಿಯಲ್ಲಿ ಇಡಿ, ಅಜಗಜಾಂತರವಿದ್ದರೆ ತೆಗೆಯಿರಿ. ನೆರವು ಪಡೆದವರ ಸಂಖ್ಯೆಯನ್ನೂ ನೋಡಿ: ನಾಲ್ಕು ವರ್ಷದ ತರಗತಿಗಳೂ ಸೇರಿ ಬರೀ ಹತ್ತು ಮಂದಿ ಎಂದಿದ್ದರೆ ಸರಾಸರಿ ಎಷ್ಟೇ ದೊಡ್ಡದಿದ್ದರೂ ಬಾಗಿಲು ಕಿರಿದು. ಜಾಹೀರಾತಿನಂತಿರುವ ಪುಟಗಳಲ್ಲಿ ‘ಉದಾರ ನೆರವು’ ಎಂದು ಬರೆದುಕೊಳ್ಳದ ಕಾಲೇಜೇ ಇಲ್ಲ. ಎಚ್-6ರಲ್ಲಿರುವುದು ನಿಜವಾಗಿ ಕೊಟ್ಟ ಹಣ.

ಹೆಜ್ಜೆ 4: ಅರ್ಜಿ ನಮೂನೆಗಳು, ಮತ್ತು ನಮ್ಮ ಕಡೆಯ ದಾಖಲೆಗಳು

ದೊಡ್ಡ ನೆರವು ಕೊಡುವ ಬಹುತೇಕ ಕಾಲೇಜುಗಳು ಕೇಳುವುದು ಕಾಲೇಜ್ ಬೋರ್ಡ್ ಸಂಸ್ಥೆಯ ‘ಸಿಎಸ್‌ಎಸ್ ಪ್ರೊಫೈಲ್’, ಅಂದರೆ ಮನೆಯ ಹಣಕಾಸಿನ ವಿವರ ತುಂಬುವ ನಮೂನೆ. ಅದು ಅಕ್ಟೋಬರ್ 1ರಂದು ತೆರೆಯುತ್ತದೆ. ಮೊದಲ ಕಾಲೇಜಿಗೆ 25 ಡಾಲರ್, ನಂತರದ ಪ್ರತಿ ಕಾಲೇಜಿಗೆ 16 ಡಾಲರ್. ಅಮೆರಿಕದ ಬಡ ವಿದ್ಯಾರ್ಥಿಗಳಿಗೆ ತಾನಾಗಿ ಸಿಗುವ ವಿನಾಯಿತಿ ವಿದೇಶಿಯರಿಗೆ ಸಿಗುವುದಿಲ್ಲ. ಆದರೆ ಕಾಲೇಜಿನ ನೆರವು ಕಚೇರಿಗೆ ಸಭ್ಯವಾಗಿ ಒಂದು ಇಮೇಲ್ ಬರೆದು ಶುಲ್ಕ ಕಟ್ಟಲಾಗದ ಕಾರಣ ತಿಳಿಸಿದರೆ ಕೆಲವರು ವಿನಾಯಿತಿ ಸಂಕೇತ ಕಳುಹಿಸುತ್ತಾರೆ, ಕೆಲವರು ಅದರ ಬದಲು ಉಚಿತ ನಮೂನೆ ತುಂಬಲು ಹೇಳುತ್ತಾರೆ. ಪ್ರವೇಶ ಅರ್ಜಿಯ ಶುಲ್ಕಕ್ಕೂ ಇದೇ ಉಪಾಯ. ಸ್ಮಿತ್, ಗ್ರಿನ್ನೆಲ್ ಮುಂತಾದ ಕಾಲೇಜುಗಳು ಅರ್ಜಿ ಶುಲ್ಕವನ್ನೇ ತೆಗೆದುಕೊಳ್ಳುವುದಿಲ್ಲ.

ಸಂಬಳದಾರರ ಮನೆಯಲ್ಲಿ ಈ ನಮೂನೆ ತುಂಬುವುದು ಒಂದು ಮಧ್ಯಾಹ್ನದ ಕೆಲಸ: ಆದಾಯ ತೆರಿಗೆ ರಿಟರ್ನ್, ಫಾರಂ 16, ಬ್ಯಾಂಕ್ ಪಟ್ಟಿ, ಭವಿಷ್ಯ ನಿಧಿಯ ಮೊತ್ತ. ಕಷ್ಟ ಇರುವುದು ರೈತರ, ಸಣ್ಣ ಅಂಗಡಿಯವರ ಮನೆಯಲ್ಲಿ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ಹಾಗಾಗಿ ರಿಟರ್ನ್ ಇಲ್ಲ. ಪಹಣಿಯಲ್ಲಿ ತೀರಿಹೋದ ಅಜ್ಜನ ಹೆಸರು, ಅದರಲ್ಲಿ ನಾಲ್ಕು ಅಣ್ಣತಮ್ಮಂದಿರ ಪಾಲು. ಒಂದು ವರ್ಷ ಅಡಿಕೆಗೆ ಬೆಲೆ, ಮರುವರ್ಷ ಕೊಳೆರೋಗ. ಮಸಾಚುಸೆಟ್ಸ್‌ನ ಕಚೇರಿಯಲ್ಲಿ ಕುಳಿತ ಅಧಿಕಾರಿಗೆ ಇದು ತಾನಾಗಿ ತಿಳಿಯುವುದಿಲ್ಲ. ಹೇಳಬೇಕು, ಹೇಳಿದರೆ ಕೇಳುತ್ತಾರೆ.

ಹೀಗೆ ಮಾಡಿ: ಪಹಣಿಯ ಪ್ರತಿ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಸೊಸೈಟಿ ಅಥವಾ ಮಂಡಿಯಲ್ಲಿ ಬೆಳೆ ಮಾರಿದ ರಸೀದಿಗಳು, ಬೆಳೆ ಸಾಲದ ಪಾಸ್‌ಪುಸ್ತಕ ಒಟ್ಟುಮಾಡಿ. ಕನ್ನಡದ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಮಾಡಿಸಿ. ಜಂಟಿ ಆಸ್ತಿಯಲ್ಲಿ ನಿಮ್ಮ ತಂದೆಯ ಪಾಲನ್ನಷ್ಟೇ ಆಸ್ತಿಯೆಂದು ತೋರಿಸಿ. ಆ ಜಮೀನು ಮಾರಿದರೆ ಊಟಕ್ಕೆ ದಾರಿಯಿಲ್ಲ ಎಂಬುದನ್ನು ವಿಶೇಷ ಪರಿಸ್ಥಿತಿ ವಿವರಿಸುವ ಜಾಗದಲ್ಲಿ ನಾಲ್ಕು ಸಾಲಿನಲ್ಲಿ ಬರೆಯಿರಿ. ಕಳೆದ ಮೂರು ವರ್ಷಗಳ ಆದಾಯವನ್ನು ಒಂದು ಪುಟದ ಪತ್ರದಲ್ಲಿ ವರ್ಷವಾರು ಕೊಟ್ಟರೆ ಏರಿಳಿತ ಕಣ್ಣಿಗೆ ಕಾಣುತ್ತದೆ.

ಒಂದು ಎಚ್ಚರಿಕೆಯನ್ನು ಬಿಡಿಸಿ ಹೇಳಲೇಬೇಕು. ನಮ್ಮಲ್ಲಿ ಆದಾಯ ಪ್ರಮಾಣಪತ್ರದಲ್ಲಿ ಸಾಧ್ಯವಾದಷ್ಟು ಕಡಿಮೆ ಬರೆಸುವ ಅಭ್ಯಾಸವಿದೆ. ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ ಆದಾಯ ಎಂದು ಪ್ರಮಾಣಪತ್ರ, ಅದೇ ಅರ್ಜಿಯಲ್ಲಿ ಮಗಳ ಪಿಯು ಕಾಲೇಜಿಗೆ ಎರಡು ಲಕ್ಷ ಶುಲ್ಕ ಕಟ್ಟಿದ ವಿವರ! ನಮೂನೆ ಆದಾಯವನ್ನೂ ಕೇಳುತ್ತದೆ, ಖರ್ಚನ್ನೂ ಕೇಳುತ್ತದೆ. ಎರಡೂ ತಾಳೆಯಾಗದಿದ್ದರೆ ಪ್ರಶ್ನೆ ಬರುತ್ತದೆ, ಉತ್ತರ ಸಿಗದಿದ್ದರೆ ನಂಬಿಕೆ ಹೋಗುತ್ತದೆ. ಪ್ರಮಾಣಪತ್ರದ ಅಂಕಿ ವಾಸ್ತವಕ್ಕಿಂತ ಕಡಿಮೆಯಿದ್ದರೆ ನಿಜವಾದ ಅಂಕಿಯನ್ನೇ ನಮೂನೆಯಲ್ಲಿ ತುಂಬಿ, ವ್ಯತ್ಯಾಸಕ್ಕೆ ಕಾರಣ ಬರೆಯಿರಿ. ಪೂರ್ಣ ಅಗತ್ಯ ತುಂಬುವ ಕಾಲೇಜಿನ ಲೆಕ್ಕದಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿಯೂ ಬಹಳ ಕಡಿಮೆ ಆದಾಯವೇ. ಸುಳ್ಳು ಹೇಳಿ ಗಳಿಸುವುದು ಏನೂ ಇಲ್ಲ.

ಹೆಜ್ಜೆ 5: ದಿನಾಂಕಗಳು

ಪ್ರಥಮ ಪಿಯುಸಿಯ ಕೊನೆಯ ಹೊತ್ತಿಗೆ ಪಟ್ಟಿಯ ಕರಡು ಸಿದ್ಧವಿರಲಿ, ಆ ಬೇಸಿಗೆಯಲ್ಲಿ ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಗೆ ಓದಿ. ದ್ವಿತೀಯ ಪಿಯುಸಿಯ ಆಗಸ್ಟ್ 1ರಂದು ಹಲವು ಕಾಲೇಜುಗಳಿಗೆ ಒಟ್ಟಿಗೆ ಸಲ್ಲುವ ‘ಕಾಮನ್ ಅಪ್ಲಿಕೇಶನ್’ ಅರ್ಜಿ ತೆರೆಯುತ್ತದೆ. ಪ್ರಾಂಶುಪಾಲರಿಗೆ, ಇಬ್ಬರು ಉಪನ್ಯಾಸಕರಿಗೆ ಶಿಫಾರಸು ಪತ್ರಕ್ಕಾಗಿ ಆಗಲೇ ಕೇಳಿ. ಅವರಿಗೆ ಇದು ಹೊಸದಾಗಿದ್ದರೆ ಕುಳಿತು ವಿವರಿಸಿ. ಒಂಬತ್ತನೇ ತರಗತಿಯಿಂದ ಅಂಕಪಟ್ಟಿ ಬೇಕು. ಪ್ರೌಢಶಾಲೆ ಒಂದು ಕಡೆ, ಪಿಯು ಇನ್ನೊಂದು ಕಡೆ ಓದಿದವರು ಹಳೆಯ ಶಾಲೆಗೂ ಒಮ್ಮೆ ಹೋಗಿಬರಬೇಕಾಗುತ್ತದೆ.

ನವೆಂಬರ್ 1ರ ಸುಮಾರಿಗೆ ‘ಅರ್ಲಿ ಡಿಸಿಷನ್’ ಗಡುವು. ಸೀಟು ಸಿಕ್ಕರೆ ಸೇರುತ್ತೇನೆ ಎಂಬ ಮಾತು ಕೊಟ್ಟು ಒಂದೇ ಕಾಲೇಜಿಗೆ ಹಾಕುವ ಅರ್ಜಿ ಇದು. ಹೆಚ್ಚು ನೆರವು ಬೇಕಿರುವವರಿಗೆ ಎರಡನೆಯ ಗುಂಪಿನ ಕಾಲೇಜೊಂದಕ್ಕೆ ಹೀಗೆ ಹಾಕುವುದು ಒಳ್ಳೆಯ ದಾರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ವಿದೇಶಿಯರಿಗಿಟ್ಟ ಹಣ ಆಗಿನ್ನೂ ಕರಗಿರುವುದಿಲ್ಲ. ಕೊಟ್ಟ ನೆರವು ಸಾಲದಿದ್ದರೆ ಆ ಒಪ್ಪಂದದಿಂದ ಬಿಡುಗಡೆ ಕೇಳಬಹುದು. ಪೂರ್ಣ ಅಗತ್ಯ ತುಂಬದ ಕಾಲೇಜಿಗೆ ಮಾತ್ರ ಇದನ್ನು ಹಾಕಲೇಬೇಡಿ. ಉಳಿದ ಅರ್ಜಿಗಳ ಗಡುವು ಹೆಚ್ಚಾಗಿ ಜನವರಿಯ ಮೊದಲ ವಾರ, ಫಲಿತಾಂಶ ಮಾರ್ಚ್ ಕೊನೆಗೆ, ಉತ್ತರ ಕೊಡಲು ಮೇ 1ರವರೆಗೆ ಸಮಯ. ನೆರವಿನ ನಮೂನೆಗೆ ಪ್ರತಿ ಕಾಲೇಜೂ ಬೇರೆ ಗಡುವು ಇಟ್ಟಿರುತ್ತದೆ. ಪ್ರವೇಶದ ಗಡುವಿನ ಪಕ್ಕದಲ್ಲೇ ಅದನ್ನೂ ಬರೆದು ಗೋಡೆಗೆ ಅಂಟಿಸಿ.

ಸಲಹೆಗೆ ದುಡ್ಡು ಕೊಡುವ ಮೊದಲು ಅಮೆರಿಕ ಸರ್ಕಾರದ ‘ಎಜುಕೇಶನ್ ಯುಎಸ್‌ಎ’ ಸಲಹಾ ಕೇಂದ್ರಗಳನ್ನು ವಿಚಾರಿಸಿ. ಅಲ್ಲಿನ ಮಾಹಿತಿ ಯಾವ ಕಾಲೇಜಿನ ದಲ್ಲಾಳಿಯದೂ ಅಲ್ಲ.

ಹೆಜ್ಜೆ 6: ನೆರವಿನ ಪತ್ರವನ್ನು ಓದುವ ಬಗೆ

ಪತ್ರದ ಮೇಲ್ಭಾಗದ ದೊಡ್ಡ ಮೊತ್ತವನ್ನು ನೋಡಿ ಸಂಭ್ರಮಿಸುವ ಮೊದಲು ಅದನ್ನು ಬಿಡಿಸಿ. ಗ್ರಾಂಟ್ ಮತ್ತು ಸ್ಕಾಲರ್‌ಶಿಪ್ ಮರಳಿಸಬೇಕಿಲ್ಲದ ಹಣ. ಸಾಲ ಇದ್ದರೆ ಅದು ನೆರವಲ್ಲ, ಪಕ್ಕಕ್ಕಿಡಿ. ಕ್ಯಾಂಪಸ್ ಕೆಲಸದಿಂದ ಇಷ್ಟು ಎಂದು ಬರೆದಿದ್ದರೆ ಅದು ದುಡಿದ ಮೇಲೆ ಕಂತುಕಂತಾಗಿ ಬರುವ ಕೂಲಿ, ಆಗಸ್ಟ್‌ನ ಮೊದಲ ಬಿಲ್ಲಿಗೆ ಆಗುವುದಿಲ್ಲ. ಆರೋಗ್ಯ ವಿಮೆ ಮತ್ತು ವಿಮಾನದ ಟಿಕೆಟ್ ಲೆಕ್ಕದಲ್ಲಿ ಸೇರಿದೆಯೇ ನೋಡಿ. ಪ್ರತಿಭಾ ವೇತನವಾದರೆ ಎರಡು ಪ್ರಶ್ನೆ: ಮುಂದುವರಿಯಲು ಎಷ್ಟು ಅಂಕ ಕಾಯ್ದುಕೊಳ್ಳಬೇಕು? ಪ್ರತಿವರ್ಷ ಶುಲ್ಕ ಏರಿದಾಗ ವೇತನವೂ ಏರುತ್ತದೆಯೇ? ಹೆಚ್ಚಾಗಿ ಏರುವುದಿಲ್ಲ. ಶುಲ್ಕ ಏರುತ್ತದೆ, ರೂಪಾಯಿ ಇಳಿಯುತ್ತದೆ, ನಾಲ್ಕನೇ ವರ್ಷದ ಹೊರೆ ಮೊದಲನೆಯದಕ್ಕಿಂತ ಭಾರ.

ಕೊಟ್ಟದ್ದು ಸಾಲದಿದ್ದರೆ ಮರುಪರಿಶೀಲನೆ ಕೇಳಿ. ಇದರಲ್ಲಿ ಅವಮಾನವಿಲ್ಲ, ಸೀಟು ಕಿತ್ತುಕೊಳ್ಳುವುದೂ ಇಲ್ಲ. ಹೊಸ ದಾಖಲೆ ಇರಬೇಕು: ತಂದೆಯ ಕೆಲಸ ಹೋದದ್ದು, ಆಸ್ಪತ್ರೆಯ ಬಿಲ್ಲು, ಬೆಳೆ ನಷ್ಟ, ಅಥವಾ ಅಂಥದ್ದೇ ಇನ್ನೊಂದು ಕಾಲೇಜು ಕೊಟ್ಟ ಹೆಚ್ಚಿನ ನೆರವಿನ ಪತ್ರ. ನಮ್ಮಿಂದ ಇಷ್ಟು ಸಾಧ್ಯ, ಇಷ್ಟು ಕೊರತೆ ಎಂದು ಸ್ಪಷ್ಟ ಅಂಕಿಯೊಂದಿಗೆ ಬರೆಯಿರಿ.

ಹೆಜ್ಜೆ 7: ಉಳಿದ ಕೊರತೆಗೆ ಊರಿನ ಕಡೆಯ ಮೂಲಗಳು

ಇಲ್ಲಿ ಸಿಗುವುದು ಕಡಿಮೆ. ಜೆ.ಎನ್. ಟಾಟಾ ಎಂಡೋಮೆಂಟ್, ಇನ್‌ಲಾಕ್ಸ್, ಕೆ.ಸಿ. ಮಹೀಂದ್ರ ಮುಂತಾದ ಪ್ರಸಿದ್ಧ ಹೆಸರುಗಳು ಸ್ನಾತಕೋತ್ತರದವರಿಗೆ. ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳು ಕರ್ನಾಟಕ ಸರ್ಕಾರದ ವಿದೇಶ ವ್ಯಾಸಂಗದ ‘ಪ್ರಬುದ್ಧ’ ಯೋಜನೆಯ ಆ ವರ್ಷದ ಪ್ರಕಟಣೆಯನ್ನು ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಬೇಕು. ಬ್ಯಾಂಕ್ ಸಾಲಕ್ಕೆ ಹೋಗುವ ರೈತ ಕುಟುಂಬಗಳು ತಿಳಿದಿರಬೇಕಾದದ್ದು: ದೊಡ್ಡ ಸಾಲಕ್ಕೆ ಅಡಮಾನ ಕೇಳುತ್ತಾರೆ, ಕೃಷಿ ಜಮೀನನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ, ಮನೆ, ನಿವೇಶನ, ಠೇವಣಿ ಒಪ್ಪುತ್ತಾರೆ. ಇರುವ ಒಂದೇ ಮನೆಯನ್ನು ಪದವಿ ಓದಿಗಾಗಿ ಅಡವಿಡಬೇಡಿ ಎಂದು ನಾನು ಕೈಮುಗಿದು ಹೇಳುತ್ತೇನೆ. ನೆರವು ಸಾಲದ ಕಾಲೇಜನ್ನು ಬಿಟ್ಟು ಇಲ್ಲೇ ಪದವಿ ಮುಗಿಸಿ, ಶುಲ್ಕ ಮನ್ನಾ ಮತ್ತು ವೇತನ ಎರಡೂ ಸಿಗುವ ಪಿಎಚ್‌ಡಿಗೆ ಅಮೆರಿಕಕ್ಕೆ ಹೋದವರು ಕರ್ನಾಟಕದ ಊರೂರಿನಲ್ಲಿದ್ದಾರೆ.

ಹೆಜ್ಜೆ 8: ಐ-20, ವೀಸಾ, ಮತ್ತು ಅಲ್ಲಿಗೆ ಹೋದ ಮೇಲೆ

ಸೇರುವುದಾಗಿ ತಿಳಿಸಿ, ಮೊದಲ ವರ್ಷದ ವೆಚ್ಚಕ್ಕೆ ಹಣವಿದೆ ಎಂಬ ದಾಖಲೆ ಕೊಟ್ಟ ಮೇಲೆ ಕಾಲೇಜು ವೀಸಾಕ್ಕೆ ಬೇಕಾದ ಐ-20 ಪತ್ರ ಕಳುಹಿಸುತ್ತದೆ. ಕಾಲೇಜಿನ ನೆರವೂ ಆ ಲೆಕ್ಕದಲ್ಲಿ ಸೇರುತ್ತದೆ. ನಿಮ್ಮ ಪಾಲಿನದಷ್ಟಕ್ಕೇ ಬ್ಯಾಂಕ್ ಪತ್ರ ಸಾಕು. ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲಾತಿ ವ್ಯವಸ್ಥೆ) ಶುಲ್ಕ 350 ಡಾಲರ್, ವೀಸಾ ಅರ್ಜಿ 185 ಡಾಲರ್. ಇತರ ಶುಲ್ಕಗಳು ಸೇರಿವೆಯೇ ಎಂದು ಅಧಿಕೃತ ತಾಣದಲ್ಲಿ ನೋಡಿ. ಸಂದರ್ಶನದ ದಿನವನ್ನು ಬೇಗ ಕಾಯ್ದಿರಿಸಿ: 2025ರ ಮೇ ಕೊನೆಯಲ್ಲಿ ಹೊಸ ಸಂದರ್ಶನ ನಿಗದಿ ಮಾಡುವುದನ್ನೇ ವಾರಗಟ್ಟಲೆ ನಿಲ್ಲಿಸಿದ್ದರು. ಆಗಿನಿಂದ ವಿದ್ಯಾರ್ಥಿಗಳ ಸಾಮಾಜಿಕ ಜಾಲತಾಣದ ಖಾತೆಗಳು ಎಲ್ಲರಿಗೂ ಕಾಣುವಂತೆ ತೆರೆದಿರಬೇಕು ಎಂದೂ ಕೇಳುತ್ತಾರೆ. ನೆರವಿನ ಪತ್ರದ ಪ್ರತಿ ಕೈಯಲ್ಲಿರಲಿ. ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಅದೇ ಗಟ್ಟಿ ಉತ್ತರ.

ತರಗತಿ ನಡೆಯುವ ಅವಧಿಯಲ್ಲಿ ಕ್ಯಾಂಪಸ್‌ನೊಳಗೆ ವಾರಕ್ಕೆ 20 ಗಂಟೆಯವರೆಗೆ ದುಡಿಯಬಹುದು. ಅನುಮತಿಯಿಲ್ಲದೆ ಹೊರಗಿನ ಅಂಗಡಿ, ಹೋಟೆಲುಗಳಲ್ಲಿ ದುಡಿದರೆ ವೀಸಾ ಸ್ಥಾನಮಾನವೇ ಹೋಗುತ್ತದೆ.

ತೆರಿಗೆಯ ವಿಷಯವನ್ನು ಮೊದಲೇ ಯಾರೂ ಹೇಳುವುದಿಲ್ಲ. ಬೋಧನಾ ಶುಲ್ಕ, ಕಡ್ಡಾಯ ಪುಸ್ತಕಗಳಿಗೆ ಸಂದ ವಿದ್ಯಾರ್ಥಿವೇತನಕ್ಕೆ ತೆರಿಗೆಯಿಲ್ಲ. ವಸತಿ ಮತ್ತು ಊಟಕ್ಕೆ ಸಂದ ಭಾಗ ಆದಾಯವೆಂದು ಲೆಕ್ಕ, ಅದರ ಮೇಲೆ ಕಾಲೇಜು ಶೇ 14ರಷ್ಟು ಮುರಿದುಕೊಳ್ಳಬಹುದು. ಹತ್ತು ಸಾವಿರ ಡಾಲರ್ ಆ ಭಾಗವಾದರೆ 1,400 ಡಾಲರ್ ಬಿಲ್ಲು ಎದುರಿಗೆ ಬರುತ್ತದೆ. ಆದರೆ ಭಾರತ ಮತ್ತು ಅಮೆರಿಕದ ತೆರಿಗೆ ಒಪ್ಪಂದದ 21ನೇ ವಿಧಿಯಿಂದಾಗಿ ಭಾರತದ ವಿದ್ಯಾರ್ಥಿಗಳಿಗೆ ಅಲ್ಲಿನ ನಿವಾಸಿಗಳಂತೆಯೇ ‘ಸ್ಟ್ಯಾಂಡರ್ಡ್ ಡಿಡಕ್ಷನ್’ (ತೆರಿಗೆ ಲೆಕ್ಕಕ್ಕೆ ಮೊದಲು ಆದಾಯದಿಂದ ಕಳೆಯುವ ನಿಗದಿತ ಮೊತ್ತ) ಸಿಗುತ್ತದೆ. ಬೇರೆ ಹೆಚ್ಚಿನ ದೇಶಗಳವರಿಗೆ ಇದು ಇಲ್ಲ. ಏಪ್ರಿಲ್ 15ರೊಳಗೆ 1040-ಎನ್‌ಆರ್ ಎಂಬ ತೆರಿಗೆ ರಿಟರ್ನ್ ನಮೂನೆ ತುಂಬಿ ಈ ವಿಧಿಯನ್ನು ಉಲ್ಲೇಖಿಸಿದರೆ ಮುರಿದ ಹಣದ ದೊಡ್ಡ ಪಾಲು, ಕೆಲವೊಮ್ಮೆ ಪೂರ್ತಿಯೂ, ಮರಳಿ ಬರುತ್ತದೆ. ಒಂದು ಡಾಲರ್ ಆದಾಯವಿಲ್ಲದಿದ್ದರೂ 8843 ನಮೂನೆಯನ್ನು ಅಲ್ಲಿನ ತೆರಿಗೆ ಇಲಾಖೆಗೆ ಕಳುಹಿಸಬೇಕು. ಸೇರಿದ ಮೊದಲ ವಾರದಲ್ಲೇ ಕಾಲೇಜಿನ ವಿದೇಶಿ ವಿದ್ಯಾರ್ಥಿ ಕಚೇರಿಗೆ ಹೋಗಿ ಈ ಎರಡು ನಮೂನೆಗಳ ಹೆಸರು ಹೇಳಿ, ಭಾರತದ ಒಪ್ಪಂದದ ಲಾಭ ಪಡೆಯಲು ಯಾವ ಕಾಗದ ಕೊಡಬೇಕೆಂದು ಕೇಳಿ.